ದೆವ್ವದ ಊಟಕ್ಕೆ ಸರಗೂರಿನ ಸಾಮಾನು

ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಮನೆಗಳಿಂದ ಹೊರಟು ಮೈಸೂರು, ಬೆಂಗಳೂರು, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿ, ಮಕ್ಕಳ ಹಟಕ್ಕೆ ಹ್ಯಾಲೋವೀನ್ ಊಟ ಮಾಡಲು ಟೊಂಕ ಕಟ್ಟಿರುವ ಎಲ್ಲ ತಾಯಿತಂದೆಯರಿಗೆ ಈ ಪತ್ರ.

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಇಂಥ ಮನೆಗಳಲ್ಲಿ ಗಡಿಬಿಡಿ ಶುರು. ಮಗು ಶಾಲೆಯಿಂದ ಚೀಟಿ ತಂದಿರುತ್ತದೆ: 31ರಂದು ವೇಷ ಹಾಕಿಕೊಂಡು ಬರಬೇಕು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಮಹಡಿಯವರು ಚಾಕೊಲೇಟ್ ಹಂಚುತ್ತಾರೆ ಎಂಬ ಪಟ್ಟಿ ಓಡಾಡುತ್ತಿರುತ್ತದೆ. ರಾತ್ರಿ ಊಟದ ತಟ್ಟೆಗೂ ದೆವ್ವ ಬರಲೇಬೇಕೆಂದು ಮಗು ಕೂತುಬಿಡುತ್ತದೆ. ಅಡುಗೆ ಮಾಡುವವರು ಫೋನು ತೆರೆದರೆ ಕಾಣುವುದು ಮೈದಾ ಪಟ್ಟಿ ಸುತ್ತಿದ ಸಾಸೇಜು, ಕಪ್ಪು ಪಾಸ್ತಾ, ಓವನ್ನಿನಲ್ಲಿ ಬೆಂದ ಮಾಟಗಾತಿಯ ಬೆರಳು. ಅಷ್ಟರಲ್ಲಿ ಊರಿಂದ ಅಜ್ಜಿಯ ಫೋನು: “ಅದ್ಯಾವ್ದವ್ವ ದೆವ್ವುದ್ ಹಬ್ಬ? ಮಾರ್ಲಮಿಗ್ ಬರಾಕ್ ರಜ ಇರ್ನಿಲ್ಲ, ಇದುಕ್ಕೆ ಐತಾ?”

ಅಜ್ಜಿಯ ಮಾತಿನಲ್ಲಿ ಕೊಂಕು ಇದೆ, ನಿಜ. ಆದರೆ ಆಕೆ ಕೇಳುತ್ತಿರುವುದು ಸರಿಯಾದ ಪ್ರಶ್ನೆಯೇ. ಸತ್ತವರಿಗಾಗಿ ಮನೆಮಂದಿಯೆಲ್ಲ ಸೇರಿ ಗದ್ದಲದಿಂದ ಅಡುಗೆ ಮಾಡಿ ಉಣ್ಣುವ ಒಂದು ರಾತ್ರಿ ಮೈಸೂರು ಸೀಮೆಗೆ ಹೊಸದಲ್ಲ. ಹ್ಯಾಲೋವೀನಿಗೆ ಎರಡರಿಂದ ಆರು ವಾರ ಮೊದಲೇ ಅದು ಬಂದು ಹೋಗಿರುತ್ತದೆ. ಮಹಾಲಯ ಅಮಾವಾಸ್ಯೆ 2023ರಲ್ಲಿ ಅಕ್ಟೋಬರ್ 14ಕ್ಕೆ, 2024ರಲ್ಲಿ ಅಕ್ಟೋಬರ್ 2ಕ್ಕೆ, 2025ರಲ್ಲಿ ಸೆಪ್ಟೆಂಬರ್ 21ಕ್ಕೆ ಬಿತ್ತು. ಅದಕ್ಕೆ ಮುಂಚಿನ ಹದಿನೈದು ದಿನಗಳ ಪಿತೃಪಕ್ಷದಲ್ಲಿ ಒಂದೊಂದು ಊರು, ಒಂದೊಂದು ಮನೆತನ ತನ್ನ ಪದ್ಧತಿಯ ದಿನ ಹಿಡಿದು ಹಿರಿಯರಿಗೆ ಎಡೆ ಇಡುತ್ತದೆ; ಅಜ್ಜಿ ಹೇಳುವ ಮಾರ್ಲಮಿ ಇದೇ.

ಪರ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಈ ಎಡೆಯ ಚಿತ್ರ ಗೊತ್ತಿರುವುದು ಕಡಿಮೆ. ನಡುಮನೆ ತೊಳೆದು, ಗೋಡೆಗೆ ಮಣೆ ಒರಗಿಸಿ, ಅದರ ಮೇಲೆ ಹೊಸ ಪಂಚೆ, ಶಲ್ಯ, ಸೀರೆ ಮಡಿಸಿಟ್ಟು, ಹೂ ಮುಡಿಸುತ್ತಾರೆ. ಮುಂದೆ ಬಾಳೆ ಎಲೆ. ಎಲೆಯ ಮೇಲೆ ಕಜ್ಜಾಯ, ಒಬ್ಬಟ್ಟು, ವಡೆ, ಚಕ್ಕುಲಿ, ರವೆ ಉಂಡೆ, ಪಾಯಸ. ಮಾಂಸ ತಿನ್ನುವ ಮನೆಯಾದರೆ ಮಟನ್ ಸಾರು, ಕೋಳಿ ಸಾರು, ಬೇಯಿಸಿದ ಮೊಟ್ಟೆ, ಕೆಲವು ಕಡೆ ಮೀನೂ ಉಂಟು. ಇಷ್ಟಕ್ಕೇ ನಿಲ್ಲುವುದಿಲ್ಲ. ತಾತ ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅಜ್ಜಿಗೆ ಎಲೆ ಅಡಿಕೆ, ಸುಣ್ಣ, ಹೊಗೆಸೊಪ್ಪು. ಸಂಜೆಯಾದರೆ ಒಂದು ಗುಟುಕು ಬೇಕೆನ್ನುತ್ತಿದ್ದ ದೊಡ್ಡಪ್ಪನಿಗೆ ಸಣ್ಣದೊಂದು ಬಾಟಲಿ. ಸಾಂಬ್ರಾಣಿ ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣಬೇಕಲ್ಲ, ನಾವು ಎದುರಿಗೆ ನಿಂತರೆ ಸಂಕೋಚ. ಆ ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕೂತ ಮಕ್ಕಳ ಕಿವಿಯೆಲ್ಲ ಬಾಗಿಲಿನ ಕಡೆಗೇ. ಒಳಗೆ ಲೋಟ ಸದ್ದಾಯಿತೇ? ವಡೆ ಒಂದು ಕಡಿಮೆಯಾಗಿದೆಯೇ? ಸಂದಿಯಲ್ಲಿ ಇಣುಕಲು ಹೋದವನಿಗೆ ದೊಡ್ಡವರಿಂದ ಒಂದು ಗದರಿಕೆ.

ಇದಕ್ಕಿಂತ ಚೆನ್ನಾದ ಭಯದ ಆಟವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಅಡುಗೆ ಮಾಡುವವರ ಪಾಡು ಇನ್ನೊಂದು ಬಗೆಯದು. ಎಡೆ ಇಡುವ ತನಕ ಯಾವುದನ್ನೂ ರುಚಿ ನೋಡುವಂತಿಲ್ಲ. ಬೆಳಗಿನಿಂದ ಒಲೆ ಮುಂದೆ ನಿಂತು ಹತ್ತು ಹದಿನೈದು ಬಗೆ ಮಾಡಿದವರಿಗೆ ಸಾರಿಗೆ ಉಪ್ಪು ಸರಿಯಾಗಿತ್ತೇ ಎಂಬುದು ಗೊತ್ತಾಗುವುದು ಹಿರಿಯರು ಉಂಡು ಎದ್ದ ಮೇಲೆ. ಹೋದವರು ಬಾಯಿ ಬಿಟ್ಟು ಹೇಳುವುದಿಲ್ಲವಾದ್ದರಿಂದ ಮರ್ಯಾದೆ ಉಳಿಯುತ್ತದೆ, ಇರುವವರೇ ಹೇಳುವುದು. 2024ರಲ್ಲಂತೂ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿತ್ತು. ಪೇಟೆಗಳಲ್ಲಿ ಅಂದು ಮಾಂಸದಂಗಡಿ, ಬಾರು ಎರಡಕ್ಕೂ ಬೀಗ. ದೊಡ್ಡಪ್ಪನಿಗೆ ಇಷ್ಟವಾದ ಎರಡನ್ನೂ ಹಿಂದಿನ ಸಂಜೆಯೇ ತಂದಿಟ್ಟುಕೊಂಡ ಮನೆಗಳು ಬಚಾವಾದವು.

ಈಗ ಹ್ಯಾಲೋವೀನಿನ ಕಡೆ ತಿರುಗೋಣ. ಅದರ ಬೇರು ಅಮೆರಿಕದಲ್ಲಿಲ್ಲ, ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳ್ಳಿಗಳಲ್ಲಿದೆ. ಸುಗ್ಗಿ ಮುಗಿದು, ದನಗಳನ್ನು ಬೆಟ್ಟದ ಹುಲ್ಲುಗಾವಲಿನಿಂದ ಕೆಳಗಿಳಿಸಿ ಚಳಿಗಾಲಕ್ಕೆ ಸಿದ್ಧವಾಗುವ ರಾತ್ರಿ ಅದು. ಸತ್ತವರು ಅಂದು ಮನೆಗೆ ಬರುತ್ತಾರೆಂದು ನಂಬಿಕೆ. ಚರ್ಚು ನವೆಂಬರ್ 1ನ್ನು ಎಲ್ಲ ಸಂತರ ದಿನವೆಂದೂ ನವೆಂಬರ್ 2ನ್ನು ಎಲ್ಲ ಮೃತರ ದಿನವೆಂದೂ ನಿಗದಿ ಮಾಡಿದ ಮೇಲೆ, ಹಳೆಯ ಹಬ್ಬ ಅದರ ಹಿಂದಿನ ರಾತ್ರಿಯಾಗಿ ಉಳಿಯಿತು. ಮೈಸೂರಿನ ಕ್ರೈಸ್ತ ಕುಟುಂಬಗಳು ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುವುದು ಇದೇ ಬಳ್ಳಿಯ ಇನ್ನೊಂದು ಕುಡಿ. ಐರಿಷರು ಆ ರಾತ್ರಿ ಒಣದ್ರಾಕ್ಷಿ ಹಾಕಿದ ಬ್ರೆಡ್ಡಿನೊಳಗೆ ಉಂಗುರ, ನಾಣ್ಯ, ಬಟ್ಟೆಯ ಚೂರು ಅಡಗಿಸಿಟ್ಟು ಬೇಯಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ಆ ವರ್ಷ ಮದುವೆ, ನಾಣ್ಯ ಸಿಕ್ಕವರಿಗೆ ಹಣ, ಬಟ್ಟೆಯ ಚೂರು ಸಿಕ್ಕವರಿಗೆ ಬಡತನ. ಟರ್ನಿಪ್ ಗೆಡ್ಡೆ ಕೊರೆದು ಮುಖ ಮಾಡಿ ಒಳಗೆ ದೀಪ ಇಡುತ್ತಿದ್ದರು. 1845ರಿಂದ ಆಲೂಗೆಡ್ಡೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಬರಗಾಲ ಬಂದಾಗ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಗೆಡ್ಡೆಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳಕಾಯಿ ಸಿಕ್ಕಿತು. ಗುಳೆ ಹೋದವರು ಹೋದಲ್ಲಿ ಸಿಕ್ಕಿದ ಕಾಯಿಯಲ್ಲಿ ಊರಿನ ಹಬ್ಬ ಮಾಡಿದರು ಎಂದರೆ, ನ್ಯೂಜೆರ್ಸಿಯ ಅಂಗಡಿಯಲ್ಲಿ ಬಾಳೆ ಎಲೆ ಹುಡುಕುವ ಹುಣಸೂರಿನವರಿಗೆ ಬೇರೆ ವಿವರಣೆ ಬೇಕಿಲ್ಲ.

ಮೆಕ್ಸಿಕೋದವರು ನಮಗೆ ಇನ್ನೂ ಹತ್ತಿರ. ಅಲ್ಲಿ ನವೆಂಬರ್ 1 ಮತ್ತು 2ರಂದು ಮನೆಯಲ್ಲಿ ಪೀಠ ಕಟ್ಟಿ, ಚೆಂಡುಹೂ ಹರಡಿ, ಹೋದವರ ಫೋಟೊ ಇಟ್ಟು, ಅವರು ಇಷ್ಟಪಡುತ್ತಿದ್ದ ಊಟ, ಸಿಗರೇಟು, ಟಕೀಲಾ ಇಡುತ್ತಾರೆ. ಎಲುಬಿನ ಆಕಾರ ಕೂರಿಸಿದ ಸಿಹಿ ಬ್ರೆಡ್ಡು, ಸಕ್ಕರೆಯ ಬುರುಡೆಗಳು ಅಂದಿನ ತಿನಿಸು. 2008ರಲ್ಲಿ ಯುನೆಸ್ಕೊ ಈ ಹಬ್ಬವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಚೆಂಡುಹೂವಂತೂ ಮೂಲತಃ ಅಲ್ಲಿಂದಲೇ ಬಂದದ್ದು. ನಮ್ಮ ಆಯುಧಪೂಜೆಗೆ ಲಾರಿಗಟ್ಟಲೆ ಬರುವ ಹೂ ಅವರ ಹಿರಿಯರ ಹೂ ಕೂಡ.

“ಅಮೆರಿಕದ್ದು ನಮಗ್ಯಾಕೆ” ಎಂದು ಮುಖ ಸಿಂಡರಿಸುವ ಬಂಧುಗಳಿಗೆ ಒಂದು ಲೆಕ್ಕ ಹೇಳಬಹುದು. ಸಿಹಿಗುಂಬಳ, ಒಣಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ, ಕಡಲೆಕಾಯಿ, ಮುಸುಕಿನ ಜೋಳ ಎಲ್ಲವೂ ಪೋರ್ಚುಗೀಸರು ಬಂದ ನಂತರ ಆ ಖಂಡದಿಂದ ಬಂದವು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ರೈತ ಮಳೆಯ ಜೊತೆ ಜೂಜಾಡಿ ಬೆಳೆದು ಬ್ಯಾರನ್ ಎಂಬ ಗೂಡಿನಲ್ಲಿ ಹದ ಮಾಡುವ ಹೊಗೆಸೊಪ್ಪಿನ ಹೆಸರೇ ವರ್ಜೀನಿಯಾ. (ತಾತನ ಎಡೆಯ ಬೀಡಿಗೆ ಆ ಸೊಪ್ಪು ಆಗಿಬರುವುದಿಲ್ಲ, ಅದು ಸಿಗರೇಟಿನದು, ಬೀಡಿಯ ಸೊಪ್ಪಿಗೆ ನಿಪ್ಪಾಣಿ ಕಡೆಯೇ ಹೆಸರುವಾಸಿ.) ಆ ಖಂಡದ ಬೆಳೆಯನ್ನೆಲ್ಲ ಮಣ್ಣಿಗೂ ಸಾರಿಗೂ ಇಳಿಸಿಕೊಂಡ ಸೀಮೆ ಒಂದು ರಾತ್ರಿಯ ಮಕ್ಕಳಾಟಕ್ಕೆ ಗಡಿ ಹಾಕುವುದು ಚೆನ್ನಾಗಿ ಕಾಣದು.

ವೇಷ ಹಾಕಿ ಮನೆಮನೆಗೆ ಹೋಗಿ ಕಾಡಿಸಿ ಕೇಳುವುದೂ ಈ ಕಡೆಯವರಿಗೆ ಪರಕೀಯವಲ್ಲ. ನಾಗರಹೊಳೆ ಕಾಡಿನ ಆಚೆ ಬದಿ, ದಕ್ಷಿಣ ಕೊಡಗಿನ ತಿತಿಮತಿ ಹತ್ತಿರದ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ಮತ್ತಿತರ ಕಾಡಿನ ಜನ ಚಿತ್ರವಿಚಿತ್ರ ವೇಷ ಹಾಕುತ್ತಾರೆ. ಗಂಡಸರು ಸೀರೆ ಉಡುತ್ತಾರೆ. ಮುಖಕ್ಕೆ ಬಣ್ಣ, ಕೈಯಲ್ಲಿ ಡಬ್ಬ, ಡ್ರಮ್ಮು, ಸೋರೆಬುರುಡೆ. ದಾರಿಯಲ್ಲಿ ಬಸ್ಸು ಕಾರು ತಡೆದು, ಅಂಗಡಿ ಮನೆಗಳ ಮುಂದೆ ಕುಣಿದು ದುಡ್ಡು ಕೇಳುತ್ತಾರೆ, ಕೊಡದಿದ್ದರೆ ಕೊಟ್ಟವರಿಗಿಂತ ಹೆಚ್ಚು ಬೈಗುಳ. ಅಷ್ಟೇಕೆ, ದೇವರನ್ನೂ ಬೈಯುತ್ತಾರೆ. ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮರುಳಾಗಿ ತಮ್ಮನ್ನು ನಡುಗಾಡಿನಲ್ಲಿ ಬಿಟ್ಟು ಹೋದನೆಂಬ ಸಿಟ್ಟು ಅದು. ವರ್ಷಕ್ಕೊಮ್ಮೆ ಆ ಸಿಟ್ಟು ತೀರಿಸಿಕೊಂಡು, ಸೇರಿದ ದುಡ್ಡಿನಲ್ಲಿ ದೇವರ ಪಾಲು ಒಪ್ಪಿಸಿ, ತಪ್ಪಾಯಿತೆಂದು ಕೈಮುಗಿದು ತಮ್ಮ ಹಾಡಿಗಳಿಗೆ ಮರಳುತ್ತಾರೆ. ಚಾಕೊಲೇಟಿಗಾಗಿ ಬಾಗಿಲು ತಟ್ಟುವ ಆಟ ಇದರ ಮುಂದೆ ತೀರಾ ಸಾಧು.

ಬಾಗಿಲು ತಟ್ಟುವ ದೆವ್ವವೂ ನಮ್ಮಲ್ಲಿತ್ತು. 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಮನೆಗಳ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆದಿದ್ದು ಈಗ ನಡುವಯಸ್ಸು ದಾಟಿದವರೆಲ್ಲರಿಗೂ ನೆನಪಿದೆ. ರಾತ್ರಿ ಗುರುತಿನವರ ದನಿಯಲ್ಲಿ ಕೂಗುತ್ತದೆ, ಓಗೊಟ್ಟರೆ ಮುಗಿಯಿತು ಎಂಬ ಗಾಳಿಸುದ್ದಿ. ದೆವ್ವ ದಿನಾ ಬಂದು, ಬರಹ ಓದಿ, ಸರಿ ನಾಳೆ ಬರೋಣ ಎಂದು ವಾಪಸು ಹೋಗುತ್ತಿತ್ತಂತೆ. ಅಷ್ಟೊಂದು ವಿಧೇಯವಾದ, ಕನ್ನಡ ಓದಲು ಬರುತ್ತಿದ್ದ ದೆವ್ವ ಮತ್ತೆ ಸಿಕ್ಕಲಿಲ್ಲ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ಕಥೆಯನ್ನು ಎತ್ತಿಕೊಂಡು ದೇಶಕ್ಕೆಲ್ಲ ತೋರಿಸಿತು. 31ರ ರಾತ್ರಿ ಬಾಗಿಲಿಗೆ ಪ್ಲಾಸ್ಟಿಕ್ ಜೇಡರಬಲೆ ತೂಗುಹಾಕುವ ಬದಲು ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು ‘ನಾಳೆ ಬಾ’ ಎಂದು ಬರೆಸಿದರೆ ಅಲಂಕಾರದ ಖರ್ಚು ಅಲ್ಲಿಗೆ ಮುಗಿಯಿತು, ಹೊರನಾಡಿನ ಮಗುವಿಗೆ ಮೂರು ಅಕ್ಷರ ಬರೆಸಿದಂತೆಯೂ ಆಯಿತು.

ಇನ್ನು ಕುಂಬಳಕಾಯಿ. ಹೊಸ ಮನೆಗಳ ಮುಂದೆ ತೂಗುವ ಬೂದುಗುಂಬಳಕ್ಕೆ ಕೋರೆಹಲ್ಲು, ಮೀಸೆ, ಗುಡ್ಡೆಗಣ್ಣು ಬರೆದು ರಾಕ್ಷಸನನ್ನು ಮಾಡುವ ಕಸುಬು ಮೈಸೂರಿನ ಮಾರುಕಟ್ಟೆಗೆ ಚೆನ್ನಾಗಿ ಗೊತ್ತು. ಕೆಟ್ಟದ್ದನ್ನು ಹೆದರಿಸಲು ಕೆಟ್ಟ ಮುಖ ಎಂಬ ತರ್ಕ ಐರ್ಲೆಂಡಿನ ಗೆಡ್ಡೆಯಲ್ಲೂ ನಮ್ಮ ದೃಷ್ಟಿಗುಂಬಳದಲ್ಲೂ ಒಂದೇ. ಬೂದುಗುಂಬಳಕ್ಕೆ ದೆವ್ವದ ಪಾತ್ರ ಹುಟ್ಟಿನಿಂದಲೇ ಒಪ್ಪುತ್ತದೆ, ಬಲಿತ ಕಾಯಿಯ ಮೈಮೇಲೆ ಬಿಳಿ ಬೂದಿ ತಾನಾಗಿಯೇ ಕೂತಿರುತ್ತದೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನು ಸಿಕ್ಕಿಬಿದ್ದದ್ದು ಈ ಬೂದಿಯಿಂದಲೇ. ಮಸಿ, ಸುಣ್ಣ, ಕುಂಕುಮ ಕೊಟ್ಟು ಮಕ್ಕಳನ್ನು ಕೂರಿಸಿದರೆ ಅರ್ಧ ದಿನ ಮನೆ ತಣ್ಣಗಿರುತ್ತದೆ. ಚಾಕುವಿನ ಕೆಲಸವೂ ಇಲ್ಲ.

ಕೊರೆದ ದೀಪವೇ ಬೇಕು ಎನ್ನುವವರು ಸಿಹಿಗುಂಬಳ ತೆಗೆದುಕೊಳ್ಳಬೇಕು. ನಮ್ಮ ಸಂತೆಗೆ ಬರುವ ಸಿಹಿಗುಂಬಳದ ಸಿಪ್ಪೆ ಅಮೆರಿಕದ ಕಿತ್ತಳೆ ಬಣ್ಣದ ಕಾಯಿಗಿಂತ ಗಟ್ಟಿ, ತಿರುಳು ದಪ್ಪ. ಹಾಗಾಗಿ ಕೊರೆಯುವುದು ದೊಡ್ಡವರ ಪಾಲು, ಒಳಗಿನ ಬೀಜ ನಾರು ಕೈಹಾಕಿ ಬಾಚುವುದು ಮಕ್ಕಳ ಪಾಲು. ಆ ಲೋಳೆಯಲ್ಲಿ ಕೈ ಆಡಿಸುವಾಗಿನ ಕಿರುಚಾಟವೇ ಅರ್ಧ ಹಬ್ಬ. ಒಳಗೆ ಮಣ್ಣಿನ ಹಣತೆ ಕೂರುವಷ್ಟು ಅಗಲ ಇರಲಿ, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ತೂತು. ಕೊರೆದು ತೆಗೆದ ತಿರುಳು ಎಸೆಯುವಂಥದ್ದಲ್ಲ: ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ಅಕ್ಕಿ ತರಿಯ ಜೊತೆ ಹಬೆಯಲ್ಲಿ ಬೇಯಿಸಿದರೆ ಕಡುಬು. ಬೀಜವನ್ನು ತೊಳೆದು ಒಣಗಿಸಿ ಉಪ್ಪು ಖಾರ ಹಾಕಿ ಹುರಿದರೆ ಅಡುಗೆ ಆಗುವವರೆಗೂ ಬಾಯಿಗೆ ಕೆಲಸ.

ಊಟದ ವಿಷಯಕ್ಕೆ ಬಂದರೆ, ಫೋನಿನಲ್ಲಿ ಕಾಣುವ ವಿದೇಶಿ ಸಾಮಾನು ಒಂದೂ ಬೇಡ. ಮಾಟಗಾತಿಯ ಬೆರಳು ಎಂದು ಅವರು ಬಿಸ್ಕತ್ತು ಮಾಡುತ್ತಾರೆ. ನಮ್ಮ ಕೋಡುಬಳೆ ಹಿಟ್ಟಿಗೆ ಆ ಕೆಲಸ ಇನ್ನೂ ಸಲೀಸು. ಎರಡು ಲೋಟ ಅಕ್ಕಿ ಹಿಟ್ಟಿಗೆ ಅರ್ಧ ಲೋಟ ಹುರಿಗಡಲೆ ಪುಡಿ, ಅರ್ಧ ಲೋಟ ಚಿರೋಟಿ ರವೆ, ಕೊಬ್ಬರಿ ಜೊತೆ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ, ಇಂಗು, ಉಪ್ಪು, ಮೇಲೆ ಎರಡು ಮೂರು ಚಮಚ ಕಾದ ಎಣ್ಣೆ. ಗಟ್ಟಿಯಾಗಿ ಕಲಸಿ ಹೊಸೆದು, ಬಳೆ ಸುತ್ತದೆ ಉದ್ದಕ್ಕೇ ಬಿಡಬೇಕು. ತುದಿಗೆ ಅರ್ಧ ಕಡಲೆಬೀಜ ಒತ್ತಿದರೆ ಉಗುರು. ನಡುವೆ ಚಾಕುವಿನ ಬೆನ್ನಿನಿಂದ ಎರಡು ಗೀರು ಎಳೆದರೆ ಗೆಣ್ಣು. ಉಗುರು ಕೂರುವ ಜಾಗಕ್ಕೆ ಒಂದು ತೊಟ್ಟು ನೀರು ಸವರಿ ಒತ್ತದಿದ್ದರೆ ಎಣ್ಣೆಯಲ್ಲಿ ಕಳಚಿಕೊಳ್ಳುತ್ತದೆ. ಹದವಾದ ಉರಿಯಲ್ಲಿ ನಿಧಾನಕ್ಕೆ ಕರಿದರೆ ಮೆಣಸಿನಕಾಯಿಯ ಬಣ್ಣಕ್ಕೆ ಕೆಂಪು ಬೆರಳುಗಳು ಗರಿಗರಿಯಾಗಿ ಏಳುತ್ತವೆ.

ತಲೆಗೂದಲಿಗೆ ರಾಗಿ ಶಾವಿಗೆ. ರಾಗಿಹಿಟ್ಟನ್ನು ಮುದ್ದೆಯಂತೆ ತೊಳಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತಬೇಕು. ಆರಿದರೆ ಮನೆಯ ಗಟ್ಟಿಮುಟ್ಟಾದ ಮಾವನಿಂದಲೂ ಒತ್ತಲಾಗದು. ತಟ್ಟೆಯ ಮೇಲೆ ಕಂದುಗಪ್ಪು ಎಳೆಗಳು ಸುರುಳಿ ಬಿದ್ದಾಗ ಯಾವ ಪಾಸ್ತಾಕ್ಕೂ ಬರದ ಗೋಜಲು ಬರುತ್ತದೆ. ಅದರ ಮೇಲೆ ಕೋಳಿ ಸಾರು ಸುರಿದರೆ ಮೈಸೂರು ಸೀಮೆಯ ಹಳೆಯ ಜೋಡಿ, ಸಸ್ಯಾಹಾರಿಗಳಿಗೆ ಕಾಯಿಹಾಲು. ಪಕ್ಕದಲ್ಲಿ ಟೊಮೆಟೊ ಗೊಜ್ಜಿನೊಳಗೆ ಅಡ್ಡಕ್ಕೆ ಕೊಯ್ದ ಬೇಯಿಸಿದ ಮೊಟ್ಟೆ, ಹಳದಿಯ ನಡುವೆ ಒಂದೊಂದು ಕಾಳುಮೆಣಸು. ಗೂಬೆಗಣ್ಣು ನೆಟ್ಟಗೆ ನೋಡುತ್ತದೆ. ಇಡ್ಲಿಗೂ ಕಾಳುಮೆಣಸಿನ ಎರಡು ಕಣ್ಣು, ಕರಿಬೇವಿನ ಒಂದು ಬಾಯಿ ಸಾಕು. ಸಣ್ಣ ಮಕ್ಕಳಿದ್ದರೆ ಮೆಣಸಿನ ಬದಲು ಬೇಯಿಸಿದ ಕಪ್ಪು ಅಲಸಂದೆ ಕಾಳು. ಎಲುಬು ಬೇಕೆಂದು ಅಚ್ಚು ತರಿಸುವವರಿದ್ದಾರೆ. ಅದ್ಯಾಕೆ, ಎಲುಬಿನಂಥ ನುಗ್ಗೆಕಾಯಿ ಸಾರಿನಲ್ಲೇ ಉಂಟು. ಮಟನ್ ಮಾಡುವ ಮನೆಯಲ್ಲಿ ನಲ್ಲಿಮೂಳೆಯೇ ಉಂಟು, ಅದಕ್ಕಾಗಿ ಜಗಳವೂ ಉಂಟು.

ಐರಿಷರ ಉಂಗುರದ ಬ್ರೆಡ್ಡಿನ ತಮಾಷೆಯನ್ನು ಕಡುಬಿಗೆ ಇಳಿಸಬಹುದು. ಲೋಹದ ವಸ್ತು ಗಂಟಲಿಗೆ ಸಿಕ್ಕೀತು, ಬೇಡ. ಒಂದು ಕಡುಬಿನಲ್ಲಿ ಇಡೀ ಗೋಡಂಬಿ, ಒಂದರಲ್ಲಿ ಒಣದ್ರಾಕ್ಷಿ, ಒಂದರಲ್ಲಿ ಬೆಲ್ಲದ ಬದಲು ಹಸಿಮೆಣಸಿನಕಾಯಿ ಚಟ್ನಿ. ಗೋಡಂಬಿ ಸಿಕ್ಕವರಿಗೆ ಯೋಗ, ಚಟ್ನಿ ಸಿಕ್ಕವರು ಪಾತ್ರೆ ತೊಳೆಯುವುದು.

ಬಣ್ಣದ ವಿಷಯದಲ್ಲಿ ಮಾತ್ರ ಈ ಪತ್ರ ಸ್ವಲ್ಪ ಬಿಗಿ. ಹ್ಯಾಲೋವೀನ್ ಅಡುಗೆ ಎಂದರೆ ಕಣ್ಣು ಕುಕ್ಕುವ ಹಸಿರು, ನೇರಳೆ, ರಕ್ತಗೆಂಪು ಎಂಬಂತಾಗಿದೆ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಮಾದರಿಗಳಲ್ಲಿ ಬಟ್ಟೆಗೆ ಬಳಿಯುವ ರೋಡಮಿನ್-ಬಿಯೂ ಸಿಕ್ಕಿತ್ತು. ಜೂನ್‌ನಲ್ಲಿ ಕಬಾಬ್‌ಗಳ ಕೃತಕ ಬಣ್ಣಕ್ಕೂ ಅದೇ ಗತಿಯಾಯಿತು. ಡ್ರೈ ಐಸ್ ಹಾಕಿದ ಹೊಗೆಯಾಡುವ ಪಾನೀಯದ ಚಪಲವೂ ಬೇಡ. ಅದೇ ಮಾರ್ಚ್‌ನಲ್ಲಿ ಗುರುಗ್ರಾಮದ ಕೆಫೆಯೊಂದರಲ್ಲಿ ಊಟದ ನಂತರ ಬಾಯಿಗೆ ಹಾಕಿಕೊಳ್ಳಲು ಡ್ರೈ ಐಸ್ ಕೊಟ್ಟು, ತಿಂದವರು ರಕ್ತ ಕಾರಿ ಆಸ್ಪತ್ರೆ ಸೇರಿದ್ದರು.

ಬಣ್ಣ ಬೇಕಾದರೆ ಬೇಲಿಯ ಕಡೆ ನೋಡಿ. ಶಂಖಪುಷ್ಪದ ನೀಲಿ ಹೂವನ್ನು ಬಿಸಿನೀರಿಗೆ ಹಾಕಿದರೆ ನೀರು ಕಡುನೀಲಿ. ಸಕ್ಕರೆ ಕರಗಿಸಿ ಮಕ್ಕಳ ಕಣ್ಣೆದುರೇ ನಿಂಬೆರಸ ಹಿಂಡಿದರೆ ಅದು ನೇರಳೆಗೆ ತಿರುಗುತ್ತದೆ. ಹುಳಿಗೆ ಬಣ್ಣ ಬದಲಿಸುವ ಆಂಥೊಸಯನಿನ್ ಎಂಬ ಹೂವಿನ ಬಣ್ಣ ಮಾಡುವ ಜಾದು ಇದು. ರಕ್ತಕ್ಕೆ ಬೀಟ್‌ರೂಟ್ ಸಾಕು. ಮೇಜಿನ ನಡುವೆ ಇಡಲು ಮಾತ್ರ, ಕುಡಿಯಲು ಅಲ್ಲ, ಅಜ್ಜಿಯ ಹಳೆಯ ರಕ್ತವೊಂದಿದೆ: ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಮದುವೆ ಮನೆಯಲ್ಲಿ, ಬಾಣಂತಿ ಮನೆಗೆ ಬಂದಾಗ ದೃಷ್ಟಿ ತೆಗೆಯುವ ಆರತಿಯ ಕೆಂಪು ನೀರು ಇದೇ. ಹಳದಿ ನೀರು ಕ್ಷಣದಲ್ಲಿ ಕೆಂಪಾಗುವುದನ್ನು ನೋಡಿದ ಮಗು ಆ ಸಂಜೆ ಇನ್ನೇನನ್ನೂ ಕೇಳುವುದಿಲ್ಲ.

ಊರಿನಲ್ಲೇ ಇರುವ, ಅಥವಾ ದೀಪಾವಳಿ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿರುವ ಕುಟುಂಬಗಳಿಗೆ ಒಂದು ಮಾತು. ಈ ಊಟ ಮನೆಯೊಳಗೇ ನಡೆಯಲಿ. ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕಾದ ಸರಗೂರಿನ ಒಂದು ಮಗ್ಗುಲಿಗೆ ಬಂಡೀಪುರ, ಇನ್ನೊಂದು ಕಡೆ ಕಬಿನಿ ಹಿನ್ನೀರು, ಅದರಾಚೆ ನಾಗರಹೊಳೆ. 2025ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಮೊದಲ ವಾರದಲ್ಲಿ ಇದೇ ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟರು. ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಬೇಕಾಯಿತು. ಹೊಲಕ್ಕೆ ಹೋದ ಅಪ್ಪ ಕತ್ತಲಾದರೂ ಬರಲಿಲ್ಲವೆಂದು ನಿಜವಾಗಿ ಹೆದರುವ ಮಕ್ಕಳಿರುವ ಊರಿನಲ್ಲಿ ಮುಖವಾಡ ಹಾಕಿ ಪೊದೆಯ ಹಿಂದಿನಿಂದ ಹೂಂಕರಿಸುವುದು ತಮಾಷೆಯಲ್ಲ. ಮನೆಮನೆ ತಿರುಗುವುದನ್ನು ಅಪಾರ್ಟ್‌ಮೆಂಟಿನವರಿಗೆ ಬಿಟ್ಟು, ಇಲ್ಲಿ ಬಾಗಿಲು ಹಾಕಿಕೊಂಡು ಒಲೆಯ ಸುತ್ತ ಕೂತರೆ ಸಾಕು.

ಬಾಗಿಲು ಹಾಕಿಕೊಂಡ ಮೇಲೆ ಮಾಡಬೇಕಾದ ಒಂದು ಕೆಲಸಕ್ಕಾಗಿಯೇ ಈ ಪತ್ರ ಇಷ್ಟು ಉದ್ದವಾಯಿತು. ಮಕ್ಕಳಿಗೆ ಬಡಿಸುವ ಮೊದಲು ಒಂದು ಎಲೆ ಹೆಚ್ಚಿಗೆ ಹಾಕಿ. ಇದು ಮಾರ್ಲಮಿಯ ಎಡೆಗೆ ಬದಲಿ ಅಲ್ಲ, ಅದು ಅದರ ದಿನವೇ ನಡೆಯಬೇಕು. ಮಡಿ, ಮಂತ್ರ ಯಾವುದೂ ಬೇಡ. ಆ ಎಲೆಗೆ ಮನೆಯಲ್ಲಿ ಹೋದವರೊಬ್ಬರ ಹೆಸರು ಹೇಳಿ, ಅವರಿಗೆ ಏನು ಇಷ್ಟವಿತ್ತು ಎಂದು ತಿಳಿಸಿ ಅದನ್ನು ಮಕ್ಕಳಿಂದಲೇ ಬಡಿಸಿಸಿ. ಮುತ್ತಾತ ಹುಣಸೂರಿನ ಸಂತೆಯಿಂದ ಬರುವಾಗ ಖಾರ, ಬೂಂದಿ ತರುತ್ತಿದ್ದರಾ? ಅಜ್ಜಿಗೆ ಕಜ್ಜಾಯ ಅಂಚು ಗರಿಯಾಗಿರಬೇಕಿತ್ತಾ? ಅಂಗಡಿಯ ಹ್ಯಾಲೋವೀನ್ ದೆವ್ವಕ್ಕೆ ಹೆಸರಿಲ್ಲ, ಊರಿಲ್ಲ, ಬಾಯಿರುಚಿಯಿಲ್ಲ. ಒಂದು ಬಿಳಿ ಬಟ್ಟೆ ಅಷ್ಟೇ. ಎಡೆಗೆ ಬರುವವರು ಸಾರಿಗೆ ಖಾರ ಸಾಲದೆಂದು ಸಿಡುಕುತ್ತಿದ್ದವರು, ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದವರು, ಮೊಮ್ಮಗುವಿನ ಮೂಗನ್ನು ಹೋಲುವ ಮೂಗಿನವರು. ಫೋಟೊದಲ್ಲಷ್ಟೇ ನೋಡಿದ ತಾತ ಬೇಳೆಸಾರಿಗೆ ಮುಖ ಸಿಂಡರಿಸುತ್ತಿದ್ದರು ಎಂದು ತಿಳಿದ ಮಗು ತಾನೂ ಬೇಳೆಸಾರು ಬೇಡವೆನ್ನಲು ಅಂದಿನಿಂದ ವಂಶದ ಆಧಾರ ಕೊಡುತ್ತದೆ. ಅದನ್ನು ಸಹಿಸಿಕೊಳ್ಳಬೇಕಾಗುತ್ತದೆ.

ಹೊರನಾಡಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. 31ರ ಮರುದಿನ ನವೆಂಬರ್ 1, ರಾಜ್ಯೋತ್ಸವ. 2024ರಲ್ಲಿ ಅಕ್ಟೋಬರ್ 31 ನರಕ ಚತುರ್ದಶಿಯೂ ಆಗಿತ್ತು. ನವೆಂಬರ್ 1ರಂದು ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ಮೊದಲ ಬಾರಿಗೆ ದೀಪಾವಳಿಗೆಂದು ರಜೆ ಕೊಟ್ಟವು. ಹಾಗಾಗಿ ಅಲ್ಲಿನ ಕನ್ನಡ ಮಕ್ಕಳಿಗೆ ದೆವ್ವ, ಪಟಾಕಿ, ಭುವನೇಶ್ವರಿ ಎಲ್ಲವೂ ಎರಡೇ ದಿನದೊಳಗೆ ಬಂದುಹೋದವು. ಅಂಥ ಹೊಂದಾಣಿಕೆ ಪ್ರತಿವರ್ಷ ಸಿಗದಿದ್ದರೂ ಹಿಂದಿನ ರಾತ್ರಿ ಉಳಿದ ಕೋಡುಬಳೆ ಬೆರಳುಗಳನ್ನು ಡಬ್ಬಕ್ಕೆ ತುಂಬಿ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಒಯ್ಯಲು ಯಾವ ಅಡ್ಡಿಯೂ ಇಲ್ಲ. ಉಗುರು ಕಿತ್ತು ಕೊಟ್ಟರೆ ಯಾರಿಗೂ ಅನುಮಾನ ಬಾರದು.

ಊರಿಗೆ ಫೋನು ಮಾಡುವುದನ್ನು ಮರೆಯಬೇಡಿ. ಮೊಟ್ಟೆಗಣ್ಣಿನ ಫೋಟೊ ಕಳಿಸಿದರೆ ಅಜ್ಜಿ ಮೊದಲು ಕೇಳುವುದು, “ಸಾರ್ಗೆ ಮಸಾಲೆ ಹುರ್ದಾಕ್ದ್ಯಾ, ಹಸಿದೇ ರುಬ್ದ್ಯಾ?” ಎಂದು. ಮುಂದಿನ ಮಾರ್ಲಮಿಗೆ ಯಾವ ರೈಲಿಗೆ, ಯಾವ ವಿಮಾನಕ್ಕೆ ಟಿಕೆಟು ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಪಂಚಾಂಗ ನೋಡಿ ಈಗಲೇ ದಿನ ಗುರುತು ಹಾಕಿಕೊಂಡಿರಿ.

ಇಂತಿ,
ಊರಿನವರು